ಊರಿಗೆ ಹೋಗದ ಬೇಸಿಗೆ

ಮುಂಬಯಿಯ ಕನ್ನಡಿಗರಿಗೆ ಮೇ ತಿಂಗಳೆಂದರೆ ಊರು. ಆದರೆ ತಂಗಿಯ ಮದುವೆ ಸಾಲದ ಕಂತು ಸಂಬಳದಲ್ಲೇ ಮುರಿದುಹೋಗುತ್ತಿದ್ದ ಎರಡು ವರ್ಷ, ಹಾಸನಕ್ಕೆ ನಾಲ್ವರ ಟಿಕೆಟ್ಟಿಗೂ ದುಡ್ಡಿರಲಿಲ್ಲ. "ಈ ಸಲ ಅಜ್ಜನ ಮನೆಗೆ ಹೋಗೋದಿಲ್ವಾ ಅಪ್ಪಾ?" ಎಂದ ಮಗಳಿಗೆ ಬ್ಯಾಲೆನ್ಸ್ ಶೀಟು ತೋರಿಸಲಾದೀತೇ?

ಭಾನುವಾರ ಬೆಳಿಗ್ಗೆಯೇ ಚಿತ್ರಾನ್ನ, ಮಜ್ಜಿಗೆ ಕಟ್ಟಿಕೊಂಡು ಲೋಕಲ್ ಹತ್ತಿ ಬೋರಿವಲಿಗೆ ಹೋಗುತ್ತಿದ್ದೆವು. ಅಲ್ಲಿನ ರಾಷ್ಟ್ರೀಯ ಉದ್ಯಾನದೊಳಗೆ ಕಾನ್ಹೇರಿಯ ನೂರಕ್ಕೂ ಹೆಚ್ಚು ಬೌದ್ಧ ಗುಹೆಗಳಿವೆ. ಮಳೆನೀರು ಹಿಡಿದಿಡಲು ಬಂಡೆಯಲ್ಲೇ ಕೊರೆದ ತೊಟ್ಟಿಗಳೂ ಇವೆ. "ಇದು ಭಿಕ್ಷುಗಳ ಫಿಕ್ಸೆಡ್ ಡಿಪಾಜಿಟ್ಟು ಕಣಮ್ಮಾ, ಮಳೆಗಾಲದಲ್ಲಿ ಕಟ್ಟಿ ಬೇಸಿಗೇಲಿ ತೆಗೆಯೋದು" ಎಂದೆ. ನಕ್ಕಳು. ಗುಹೆಯೊಳಗಿನ ತಂಪಿಗೆ ಕಾಸಿಲ್ಲ. ಮಕ್ಕಳು ಮಧ್ಯಾಹ್ನದವರೆಗೂ ಹೊರಗೆ ಬರುತ್ತಿರಲಿಲ್ಲ.

ಸಾಲ ತೀರಿದ ವರ್ಷ ಊರಿಗೆ ಹೋದೆವು. ಜಗಲಿಯಲ್ಲಿ ಕೂತು ಮಕ್ಕಳು ಆ ತೊಟ್ಟಿಗಳ ಕಥೆಯನ್ನೇ ಹೇಳಿದರು. ಎರಡು ಬೇಸಿಗೆ ಕಾದಿದ್ದ ಅಪ್ಪ, "ನನ್ನನ್ನೂ ಒಂದ್ಸಲ ಕರ್ಕೊಂಡು ಹೋಗ್ರಪ್ಪಾ" ಎಂದರು.