ಎಣಿಕೆಯ ಸುಖ

ಜನವರಿ ಬಂತೆಂದರೆ ಮೈಸೂರಿನ ಸುತ್ತಮುತ್ತಲ ಕೆರೆ ಏರಿಗಳ ಮೇಲೆ ಬೆಳಕು ಹರಿಯುವ ಹೊತ್ತಿಗೆ ಉಣ್ಣೆ ಟೋಪಿಯ ಒಂದಷ್ಟು ಜನ ಕಾಣಿಸಿಕೊಳ್ಳುತ್ತಾರೆ. ಕೊರಳಲ್ಲಿ ಬೈನಾಕ್ಯುಲರ್, ಕೈಯಲ್ಲಿ ಹಾಳೆ ಸಿಕ್ಕಿಸಿದ ರಟ್ಟು. ಬ್ಯಾಂಕಿನಿಂದ ನಿವೃತ್ತರಾದವರು, ಕಾಲೇಜು ಹುಡುಗಿಯರು, ಔಷಧಿ ಅಂಗಡಿ ನಡೆಸುವವರು, ಅವರ ನಡುವೆ ನಾನು. ನೀರಹಕ್ಕಿ ಎಣಿಸುವುದು ನಮ್ಮ ಕೆಲಸ. ಏಷ್ಯಾದ ನೀರಹಕ್ಕಿ ಗಣತಿ 1987ರಲ್ಲಿ ಶುರುವಾದದ್ದು. ಅಲ್ಲಿಂದೀಚೆಗೆ ಪ್ರತಿ ಜನವರಿಯಲ್ಲೂ ಎಷ್ಟೋ ದೇಶಗಳ ಕೆರೆ, ಜೌಗು, ಅಳಿವೆಗಳ ಅಂಚಿನಲ್ಲಿ ನಮ್ಮಂಥ ಹವ್ಯಾಸಿಗಳು ಹೀಗೇ ನಿಂತಿರುತ್ತಾರೆ.

ಹಕ್ಕಿ ನೋಡುವುದಕ್ಕೆ ಒಬ್ಬರು ಸಾಕು, ಎಣಿಸುವುದಕ್ಕೆ ಬಳಗ ಬೇಕು. ಟ್ರೈಪಾಡ್ ಮೇಲೆ ಸ್ಕೋಪ್ ಹೂಡಿದವರು ಆಚೆ ದಡದ ಬಾತುಗಳನ್ನು ನೋಡಿಕೊಳ್ಳುತ್ತಾರೆ, ಬೈನಾಕ್ಯುಲರ್‌ನವರು ಈಚೆಯ ಜೊಂಡನ್ನು. ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ಬರೆದುಕೊಳ್ಳಬೇಕು. ಸೂರ್ಯ ಬೆನ್ನಿಗಿರಬೇಕು, ಇಲ್ಲದಿದ್ದರೆ ಎದುರಿನ ಹಕ್ಕಿಯೆಲ್ಲ ಬರೀ ಕಪ್ಪು. ಹಾಗಾಗಿ ಬೆಳಿಗ್ಗೆ ನಮ್ಮ ಠಿಕಾಣಿ ಮೂಡಣ ದಡದಲ್ಲಿ. ನಾಮದ ಕೋಳಿಗಳು ಸಾಧು, ಗುಂಪಾಗಿ ತೇಲುತ್ತಾ ಲೆಕ್ಕಕ್ಕೆ ಸಿಗುತ್ತವೆ. ಗುಳುಮುಳುಕ ಹಾಗಲ್ಲ. ಮೂರು ಎನ್ನುವಷ್ಟರಲ್ಲಿ ಎರಡು ಮುಳುಗಿ, ಇನ್ನೆಲ್ಲೋ ನಾಲ್ಕು ಏಳುತ್ತವೆ. ಸಾವಿರ ಬಾತುಗಳ ಹಿಂಡನ್ನು ಒಂದೊಂದಾಗಿ ಎಣಿಸಿ ಮುಗಿಸಲಾಗದು. ಮೊದಲು ಐವತ್ತನ್ನು ಸರಿಯಾಗಿ ಎಣಿಸಿ, ಆ ಐವತ್ತು ಎಷ್ಟು ನೀರು ಹಿಡಿದಿದೆಯೆಂದು ಕಣ್ಣಲ್ಲೇ ಅಳೆದು, ಹೂವಾಡಗಿತ್ತಿ ಮೊಳ ಹಾಕಿದ ಹಾಗೆ ಹಿಂಡಿನುದ್ದಕ್ಕೂ ಸಾಗಬೇಕು. ಇಬ್ಬರು ಬೇರೆ ಬೇರೆಯಾಗಿ ಎಣಿಸುತ್ತಾರೆ. ಸಂಖ್ಯೆಗಳು ತೀರ ದೂರವಿದ್ದರೆ ಮತ್ತೆ ಮೊದಲಿನಿಂದ.

ಇನ್ನೇನು ಮುಗಿಯಿತು ಎನ್ನುವಾಗ ಜೌಗು ಸೆಳೆವ ಎಂಬ ಬೇಟೆಹಕ್ಕಿ ಜೊಂಡಿನ ಮೇಲೆ ತಗ್ಗಿನಲ್ಲಿ ಹಾರಿಬರುತ್ತದೆ. ಕೆರೆಗೆ ಕೆರೆಯೇ ಎದ್ದುಬಿಡುತ್ತದೆ. ಬಾತು, ಉಲ್ಲಂಕಿ, ಗೊರವಗಳೆಲ್ಲ ಒಂದೇ ಸಲಕ್ಕೆ ಮೇಲೆದ್ದು ತಿರುಗಿ, ಇಳಿದು, ಬೇರೆಲ್ಲೋ ಬೆರೆತು ಕೂರುತ್ತವೆ. ಬರೆದದ್ದನ್ನೆಲ್ಲ ಹೊಡೆದುಹಾಕಬೇಕು. ಅದಕ್ಕೆ ಬೇಸರಪಟ್ಟವರನ್ನು ನಮ್ಮ ಬಳಗದಲ್ಲಿ ನಾನು ಕಂಡಿಲ್ಲ. ಅಷ್ಟೊಂದು ರೆಕ್ಕೆಗಳು ಒಟ್ಟಿಗೆ ಗಾಳಿ ಬಡಿದ ಸದ್ದು ಕಿವಿಯಲ್ಲಿರುವಾಗ ಇನ್ನೊಮ್ಮೆ ಎಣಿಸುವುದು ಹಬ್ಬವೇ.

ನಂಜನಗೂಡು ತಾಲ್ಲೂಕಿನ ಹದಿನಾರು ಎಂಬ ಊರಿನ ಕೆರೆಯ ಪಟ್ಟೆತಲೆ ಹೆಬ್ಬಾತುಗಳಿಗಾಗಿ ನಾವು ವರ್ಷವಿಡೀ ಕಾಯುತ್ತೇವೆ. ಬಿಳಿ ತಲೆಯ ಹಿಂಭಾಗದಲ್ಲಿ ಎರಡು ಕರಿಪಟ್ಟೆ. ಮಂಗೋಲಿಯಾ, ಟಿಬೆಟ್ ಕಡೆ ಮರಿಮಾಡಿ, ಹಿಮಾಲಯ ದಾಟಿ ಬರುತ್ತವೆ. ಉಪಗ್ರಹದ ಮೂಲಕ ಹಿಂಬಾಲಿಸಿದಾಗ ಅವು 7,000 ಮೀಟರಿಗೂ ಎತ್ತರದಲ್ಲಿ ಹಾರಿದ್ದು ದಾಖಲಾಗಿದೆ. ಮಂಗೋಲಿಯಾದಲ್ಲಿ ಸಂಶೋಧಕರು ತೊಡಿಸಿದ ಕೊರಳಪಟ್ಟಿ ಹೊತ್ತ ಹೆಬ್ಬಾತುಗಳು ಕರ್ನಾಟಕದ ಕೆರೆಗಳಲ್ಲಿ ಕಂಡಿವೆ. ಹಾಗಾಗಿ ನಾವು ಕತ್ತುಗಳನ್ನು ಒಂದೊಂದಾಗಿ ನೋಡುತ್ತೇವೆ. ಅವು ರಾತ್ರಿ ಎಲ್ಲಿದ್ದವೆಂದು ಸ್ಕೋಪ್ ಹೇಳುವುದಿಲ್ಲ, ಪಕ್ಕದ ಹೊಲದವರು ಹೇಳುತ್ತಾರೆ. "ಕತ್ಲಲ್ಲೆಲ್ಲ ನಮ್ ಹೊಲ್ದಲ್ಲೇ ಮೇಯ್ತಿದ್ವು ಸಾ, ಬೆಳಕ್ ಹರೀತಿದ್ದಂಗೆ ನೀರಿಗಿಳಿದ್ವು." ಬೆಳೆ ತಿಂದ ಹಕ್ಕಿಯ ಬಗ್ಗೆ ಆ ಮಾತಿನಲ್ಲಿ ಸಿಟ್ಟಿಲ್ಲದ್ದು ನನಗೆ ದೊಡ್ಡದಾಗಿ ಕಾಣುತ್ತದೆ. ಇಂಥ ಮಾತು ನಮ್ಮ ಹಾಳೆಯಲ್ಲಿ ಷರಾ ಕಾಲಮ್ಮಿಗೆ ಹೋಗುತ್ತದೆ.

ಎಣಿಸಿ ಏನು ಬಂತು ಎಂದು ಕೇಳುವವರಿದ್ದಾರೆ. ಕೇಳಲಿ, ಹೇಳಲು ನನಗೂ ಇಷ್ಟ. 2014ರಿಂದ 2016ರವರೆಗೆ ಮೈಸೂರಿನ ಹವ್ಯಾಸಿಗಳು ಊರನ್ನು ಚೌಕಗಳಾಗಿ ಹಂಚಿಕೊಂಡು, ಬೀದಿ ಬೀದಿ ನಡೆದು, ಯಾವ ಹಕ್ಕಿ ಎಲ್ಲಿದೆಯೆಂಬ ಅಟ್ಲಾಸ್ ಮಾಡಿದರು. ಕೆರೆಗಳ ವಿಷಯದಲ್ಲಿ ಲೆಕ್ಕ ಇನ್ನೂ ನಿಷ್ಠುರವಾಗಿ ಮಾತಾಡುತ್ತದೆ. ಊರಂಚಿನ ಒಂದು ಕೆರೆಯನ್ನು ಅಂದಗೊಳಿಸಿದರು. ಹೂಳೆತ್ತಿದರು, ದಡಕ್ಕೆ ನೆಟ್ಟಗೆ ಕಲ್ಲು ಕಟ್ಟಿದರು, ಮೇಲೆ ನಡಿಗೆ ಪಥ. ನೀರು ಹೆಚ್ಚಾಯಿತೆಂದು ಎಲ್ಲರಿಗೂ ಸಂತೋಷ. ನಮ್ಮ ಹಾಳೆಯಲ್ಲಿ ಮಾತ್ರ ಗದ್ದೆಗೊರವ, ಉಲ್ಲಂಕಿಗಳ ಸಾಲು ಖಾಲಿಯಾಗುತ್ತಾ ಬಂತು. ಅವು ಬದುಕುವುದು ಅಂಗುಲದಷ್ಟು ನೀರು ನಿಂತ ಕೆಸರಿನಲ್ಲಿ. ದಡ ಇಳಿಜಾರಾಗಿದ್ದರೆ ನೀರು ಇಳಿದಂತೆಲ್ಲ ಹೊಸ ಕೆಸರು ತೆರೆದುಕೊಳ್ಳುತ್ತದೆ, ಹುಳು ಸಿಗುತ್ತದೆ. ನೆಟ್ಟಗೆ ಕಟ್ಟಿದ ದಡದಲ್ಲಿ ಕಾಲೂರಲು ಜಾಗವೇ ಇಲ್ಲ, ಉಳಿಯುವುದು ಮುಳುಗಿ ಮೀನು ಹಿಡಿಯುವ ನೀರುಕಾಗೆಗಳಷ್ಟೇ. ಮುಂದಿನ ಕೆರೆಯ ನಕ್ಷೆ ಸಿದ್ಧವಾಗುವಾಗ ನಾವು ಈ ಹಾಳೆಗಳನ್ನು ಹಿಡಿದು ಹೋದೆವು. ಒಂದು ಮಗ್ಗುಲನ್ನು ಇಳಿಜಾರಾಗಿಯೇ ಬಿಡಲು ಒಪ್ಪಿದರು. ಪೂರ್ತಿ ಕೆರೆ ಹಾಗಿರಬೇಕಿತ್ತು ಎಂದು ನಾನು ಈಗಲೂ ವಾದಿಸುತ್ತೇನೆ.

ಮಾರ್ಚ್ ತಿಂಗಳಿಗೆ ನಮ್ಮ ಕಾಲು ಮದ್ದೂರಿನ ಕಡೆಗೆ ಎಳೆಯುತ್ತದೆ. ಕೊಕ್ಕರೆಬೆಳ್ಳೂರಿನಲ್ಲಿ ಹೆಜ್ಜಾರ್ಲೆಗಳು ಮನೆಗಳ ನಡುವಿನ ಹುಣಸೆ ಮರಗಳಲ್ಲೇ ಗೂಡು ಕಟ್ಟುತ್ತವೆ. ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳೆಂದು ಊರವರು ಅವನ್ನು ಕಾಣುತ್ತಾರೆ. ಗೂಡಿನಿಂದ ಬಿದ್ದ ಮರಿಗಳನ್ನು ಬೇಲಿಯೊಳಗಿಟ್ಟು, ಮೀನು ತಿನ್ನಿಸಿ, ರೆಕ್ಕೆ ಬಲಿತ ಮೇಲೆ ಬಿಡುವ ಕೆಲಸವನ್ನು ಹೆಜ್ಜಾರ್ಲೆ ಬಳಗ ಊರಿನವರೊಂದಿಗೆ ಸೇರಿ 1990ರ ದಶಕದಿಂದ ಮಾಡುತ್ತಾ ಬಂದಿದೆ. 2007ರಲ್ಲಿ ಕೊಕ್ಕರೆಬೆಳ್ಳೂರು ಸಮುದಾಯ ಮೀಸಲು ಪ್ರದೇಶವಾಯಿತು. ಹಕ್ಕಿ ಬಳಗ ಹೇಗಿರಬೇಕೆಂದು ಯಾರಾದರೂ ಕೇಳಿದರೆ ನಾನು ಆ ಊರಿನ ಬಸ್ಸು ಹತ್ತಿಸುತ್ತೇನೆ.

ನಮ್ಮದು ಅಷ್ಟು ದೊಡ್ಡ ಕೆಲಸವಲ್ಲ. ಎಣಿಕೆ ಮುಗಿದ ಮೇಲೆ ಗೋಣಿಚೀಲ ಹಿಡಿದು ಏರಿಯ ಉದ್ದಕ್ಕೂ ನಡೆಯುತ್ತೇವೆ. ಹರಿದ ಮೀನುಬಲೆ, ನೈಲಾನ್ ದಾರ, ಗಾಳಿಪಟದ ಮಾಂಜಾ ಮೊದಲು ಚೀಲಕ್ಕೆ, ಬಾಟಲಿಗಳು ಆಮೇಲೆ. ಹಕ್ಕಿಯ ಕಾಲಿಗೆ ಸುತ್ತಿಕೊಳ್ಳುವುದು ದಾರ. ಆ ಹೊತ್ತಿಗೆ ಹತ್ತಿರದ ಸರ್ಕಾರಿ ಶಾಲೆಯ ಮಕ್ಕಳು ಬಂದು ಸ್ಕೋಪಿಗೆ ಸಾಲು ನಿಲ್ಲುತ್ತಾರೆ. ಏಳನೇ ತರಗತಿಯ ಒಬ್ಬಳು ಹೋದ ವರ್ಷ ಕಣ್ಣು ತೆಗೆಯದೆ ನೋಡಿ, "ಸಾರ್, ನೀವು ಹೇಳಿದ್ದಕ್ಕಿಂತ ಎರಡು ಜಾಸ್ತಿ ಇದೆ, ಜೊಂಡಿನ ಹಿಂದೆ" ಎಂದಳು. ಇತ್ತು. ಈ ಜನವರಿಯಿಂದ ಆ ಕೆರೆಯ ಹಾಳೆ ಬರೆಯುವುದು ಅವಳೇ.