ತಣ್ಣೀರು ಮುಟ್ಟಿದ್ದಕ್ಕಲ್ಲ

ಮಾಸು ಬಿದ್ದ ಮೇಲೆ ನರ್ಸಮ್ಮ ನನ್ನ ಕಿಬ್ಬೊಟ್ಟೆಯನ್ನು ಹಿಟ್ಟು ನಾದಿದಂತೆ ನಾದತೊಡಗಿದರು. "ಗರ್ಭಕೋಶ ಗಟ್ಟಿಯಾಗ್ತಿಲ್ಲ ಕಣಮ್ಮ, ಸುಮ್ನಿರು" ಎಂದರು. ಬೆನ್ನಡಿ ಬೆಚ್ಚಗೆ ಹರಿಯುತ್ತಿದ್ದದ್ದನ್ನು ನೀರೆಂದುಕೊಂಡಿದ್ದೆ. ಅಷ್ಟು ರಕ್ತ ಹೋಗುವಾಗ ನೋವೇ ಇರಲಿಲ್ಲ ಎನ್ನುವುದು ನನಗೆ ಇವತ್ತಿಗೂ ಸೋಜಿಗ. ಆಕಳಿಕೆ, ತಡೆಯಲಾರದ ಬಾಯಾರಿಕೆ, ಕಿವಿಯಲ್ಲಿ ಗುಂಯ್ ಎನ್ನುವ ಸದ್ದು, ಅಷ್ಟೇ.

ಅರಸೀಕೆರೆಯಿಂದ ಹಾಸನಕ್ಕೆ 108ರಲ್ಲಿ ಸಾಗಿಸಿದ್ದು ತುಂಡುತುಂಡಾಗಿ ನೆನಪಿದೆ. ಹೊರಗೆ ಮಳೆ. "ಕಣ್ ಮುಚ್ಬೇಡ ಮಗಾ" ಎಂದು ಅಮ್ಮ ಕೆನ್ನೆ ತಟ್ಟುತ್ತಲೇ ಇದ್ದಳು. ಅಲ್ಲಿ ಗರ್ಭಕೋಶದೊಳಗೆ ಬಲೂನು ಉಬ್ಬಿಸಿ ರಕ್ತ ನಿಲ್ಲಿಸಿದರು. ಹಿಮೋಗ್ಲೋಬಿನ್ 5ಕ್ಕೆ ಇಳಿದಿತ್ತು. ಆರು ಬಾಟಲಿ ರಕ್ತ ಏರಿತು.

ಮೂರನೇ ದಿನ ಎದ್ದು ಕೂತು ಗಂಜಿ ಕುಡಿದೆ. ಗಂಡಾಂತರ ಕಳೆಯಿತೆಂದು ಅಮ್ಮ ಊರ ದೇವರಿಗೆ ಮುಡಿಪು ಕಟ್ಟಿದಳು.

ಐದನೇ ರಾತ್ರಿ ಮಂಚ ಅದುರುವಷ್ಟು ಚಳಿ. ಜ್ವರ 103. ಹೆರಿಗೆಯಲ್ಲಿ ಹಾಕಿದ್ದ ಹೊಲಿಗೆಯಲ್ಲಿ ಕೀವು. "ತಣ್ಣೀರಲ್ಲಿ ಕೈ ತೊಳೆದ್ಲಲ್ಲ, ಇನ್ನೇನಾಗುತ್ತೆ?" ಎಂದರು ಅತ್ತೆ. ತೊಳೆದದ್ದು ನಿಜ. ಹಸಿ ಬಾಣಂತಿ ನಾನು, ಒಂದು ಚೊಂಬು ನೀರಿಗೆ ಮಗುವನ್ನು ತಬ್ಬಲಿ ಮಾಡಿಬಿಡುತ್ತೇನೇನೋ ಎಂದು ಆ ಜ್ವರದಲ್ಲೂ ಅಳುತ್ತಿದ್ದೆ.

ಬೆಳಿಗ್ಗೆ ಬಂದ ರಿಪೋರ್ಟಿನಲ್ಲಿ ಬಿಳಿ ರಕ್ತಕಣ 19,000. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುವವಳು. ಅವು ದೇಹದ ಸೈನಿಕರು ಎಂದು ಬೋರ್ಡಿನ ಮೇಲೆ ಎಷ್ಟು ಸಲ ಬರೆದಿಲ್ಲ! ಇಷ್ಟು ಸೈನಿಕರಿದ್ದೂ ಹೀಗೇಕೆ ಎಂದು ಡಾಕ್ಟ್ರಮ್ಮನನ್ನು ಕೇಳಿದೆ.

"ತಲೆ ಎಣಿಸಿದ್ರೆ ಸಾಲ್ದು ಟೀಚರ್" ಎಂದು ಅವರು ಮಂಚದ ಅಂಚಿಗೆ ಕೂತರು. ಹೆರಿಗೆಯಾದವರಲ್ಲಿ ಈ ಎಣಿಕೆ ಹೇಗೂ ಏರುತ್ತದೆ. ಜೊತೆಗೆ ಮೂಳೆಮಜ್ಜೆ ಅವಸರಕ್ಕೆ ಬಲಿಯದ ಕಣಗಳನ್ನೂ ಹೊರಗೆ ಅಟ್ಟಿರುತ್ತದೆ. ರಕ್ತ ಸೋರಿ ಅಂಗಾಂಗಗಳಿಗೆ ಆಮ್ಲಜನಕ ಸಾಲದಾದಾಗ ಮೊದಲು ಈ ಕಣಗಳೆಲ್ಲ ಕೆರಳುತ್ತವಂತೆ. ಕೆಲವು ಶ್ವಾಸಕೋಶದ ಸಣ್ಣ ನಾಳಗಳಲ್ಲಿ ಸಿಕ್ಕಿಕೊಂಡು ಅಲ್ಲೇ ಹಾನಿ ಮಾಡುವುದೂ ಉಂಟಂತೆ. ಆಮೇಲೆ ಕಾರ್ಟಿಸಾಲ್, ಅಡ್ರಿನಲಿನ್ ಉಕ್ಕಿ, ದೇಹವೇ ಬ್ರೇಕು ಒತ್ತುತ್ತದೆ. ಮಾನೋಸೈಟ್ ಎಂಬ ಕಣ ರೋಗಾಣುವಿನ ಚೂರನ್ನು ತನ್ನ ಮೈಮೇಲೆ ಎತ್ತಿ ಹಿಡಿದು ಟಿ-ಕಣಗಳಿಗೆ ತೋರಿಸಬೇಕು. ಎತ್ತಿ ಹಿಡಿಯುವ ಆ ಎಚ್‌ಎಲ್‌ಎ-ಡಿಆರ್ ಅಣುಗಳೇ ಭಾರೀ ರಕ್ತಸ್ರಾವದ ನಂತರ ದಿನಗಟ್ಟಲೆ ಕಡಿಮೆಯಾಗಿಬಿಡುತ್ತವೆ. ತೋರಿಸುವವರಿಲ್ಲದೆ ಟಿ-ಕಣಗಳು ಸರಿಯಾಗಿ ಎಚ್ಚರಾಗುವುದಿಲ್ಲ, ಹೆಚ್ಚುವುದೂ ಇಲ್ಲ.

"ಆರು ಬಾಟ್ಲಿ ಹಾಕಿದ್ರಲ್ಲ?"

"ಅದು ಆಮ್ಲಜನಕ ಹೊರೋ ಕೆಂಪು ಕಣ. ಕಾವಲು ಕಾಯೋಕೆ ಆಗಲ್ಲ." ಪರರ ರಕ್ತವೂ ಕೆಲವೊಮ್ಮೆ ನಮ್ಮ ಕಾವಲನ್ನು ಇನ್ನಷ್ಟು ಮಂಕು ಮಾಡಬಲ್ಲದಂತೆ. ಹಾಕದಿದ್ದರೆ ನಾನು ಉಳಿಯುತ್ತಿರಲಿಲ್ಲ ಎನ್ನುವುದೂ ಅಷ್ಟೇ ನಿಜ.

ನನಗೆ ಅಳು ಬಂತು, ಬೇರೆ ಕಾರಣಕ್ಕೆ. ಚೊಂಬಿನ ನೀರಲ್ಲ, ಹಾಗಾದರೆ.

ಹೊಲಿಗೆ ಬಿಚ್ಚಿ, ಗಾಯವನ್ನು ದಿನಾ ತೊಳೆದು, ತಳದಿಂದಲೇ ಕೂಡಿಕೊಳ್ಳಲು ಬಿಟ್ಟರು. ಆ ಉರಿಯ ಮಾತು ಬೇಡ. ಹನ್ನೆರಡು ದಿನ ಆ್ಯಂಟಿಬಯೋಟಿಕ್. ಹಾಲು ತಡವಾಗಿ, ಕೊಂಚವೇ ಬಂತು.

ಡಾಕ್ಟ್ರಮ್ಮ ಹೇಳಿದ್ದನ್ನೆಲ್ಲ ಅತ್ತೆಗೆ ವಿವರಿಸಿದೆ. ಪೂರ್ತಿ ಕೇಳಿಸಿಕೊಂಡರು. ಮನೆಗೆ ಬಂದ ದಿನದಿಂದ ಮೂರು ತಿಂಗಳು ನನ್ನ ಕೈತೊಳೆಯಲು ಬಿಸಿನೀರನ್ನೇ ಕಾಯಿಸಿಟ್ಟರು.