ಸಾಸಿವೆ ಡಬ್ಬಿ ಮತ್ತು ಓಟಿಪಿ

ನಮ್ಮ ತಾಯಂದಿರ ಕಾಲದಲ್ಲಿ ಹೆಂಗಸರ ಬ್ಯಾಂಕು ಅಡುಗೆಮನೆಯಲ್ಲೇ ಇತ್ತು. ಸಾಸಿವೆ ಡಬ್ಬಿಯೇ ಅದರ ತಿಜೋರಿ. ತರಕಾರಿಯಲ್ಲಿ ಉಳಿಸಿದ ನಾಲ್ಕಾಣೆ, ಹಳೇ ಪೇಪರು ಮಾರಿದ ದುಡ್ಡು, ತವರಿಗೆ ಹೋದಾಗ ಅಣ್ಣ ಕೈಗಿತ್ತ ಹತ್ತರ ನೋಟು ಎಲ್ಲವೂ ಅದರೊಳಗೆ. ಎಷ್ಟಿದೆ ಎಂಬುದು ಅವಳೊಬ್ಬಳಿಗೇ ಗೊತ್ತು. ಮಗುವಿಗೆ ಜ್ವರ ಬಂದ ರಾತ್ರಿ ಅದೇ ಡಬ್ಬಿ ಮನೆಯ ಮಾನ ಉಳಿಸುತ್ತಿತ್ತು.

ಈಗ ದುಡ್ಡು ಡಬ್ಬಿ ಬಿಟ್ಟು ಮೊಬೈಲು ಸೇರಿದೆ. ಇದು ತಾನಾಗಿ ಆದದ್ದಲ್ಲ. ದೆಹಲಿಯಲ್ಲಿ ಕೂತು ಯೋಜನೆ ಹಾಕಿ ಮಾಡಿದ ಕೆಲಸ. 2010ರಲ್ಲಿ ಆಧಾರ್ ಸಂಖ್ಯೆ ಬಂತು, 2014ರಲ್ಲಿ ಜನಧನ್ ಖಾತೆ. 2015ರ ಜುಲೈ 1ರಂದು ಡಿಜಿಟಲ್ ಇಂಡಿಯಾ ಎಂಬ ದೊಡ್ಡ ಕಾರ್ಯಕ್ರಮ ಶುರುವಾಯಿತು. ಅದಕ್ಕೆ ಒಂಬತ್ತು ಕಂಬಗಳು. ಎಲ್ಲರಿಗೂ ಮೊಬೈಲ್ ಸಂಪರ್ಕ ಎಂಬುದು ಅವುಗಳಲ್ಲೊಂದು. 2016ರಲ್ಲಿ ಯುಪಿಐ ಬಂತು. ಖಾತೆ, ಆಧಾರ್, ಮೊಬೈಲ್ ಮೂರನ್ನೂ ಜಡೆಯಂತೆ ಹೆಣೆದರೆ ಸರ್ಕಾರದ ಹಣ ನಡುವೆ ಯಾರ ಬಾಯಿಗೂ ಬೀಳದೆ ಸೇರಬೇಕಾದವರನ್ನು ಸೇರುತ್ತದೆ ಎಂಬುದು ಲೆಕ್ಕಾಚಾರ. ಲೆಕ್ಕ ಸುಳ್ಳೇನಲ್ಲ. ಜನಧನ್ ಖಾತೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ಹೆಂಗಸರವೇ. 2023ರ ಆಗಸ್ಟಿನಲ್ಲಿ ನಮ್ಮ ರಾಜ್ಯದ ಗೃಹಲಕ್ಷ್ಮಿ ಆರಂಭವಾದಾಗ ತಿಂಗಳಿಗೆ 2,000 ರೂಪಾಯಿ ಯಜಮಾನಿಯ ಖಾತೆಗೇ ಹಾಕುವ ಏರ್ಪಾಡಾಯಿತು.

ಆದರೆ ಜಡೆಯ ಮೂರನೆಯ ಎಳೆ, ಆ ಮೊಬೈಲು, ಯಾರದು?

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಇದನ್ನು ಹೆಂಗಸರನ್ನೇ ಕೇಳಿತು. ತಾವೇ ಬಳಸುವ ಮೊಬೈಲು ಇದೆ ಎಂದವರು ನೂರಕ್ಕೆ 54 ಮಂದಿ. ಇಂಟರ್‌ನೆಟ್ಟನ್ನು ಒಮ್ಮೆಯಾದರೂ ಬಳಸಿದವರು ಗಂಡಸರಲ್ಲಿ ನೂರಕ್ಕೆ 57, ಹೆಂಗಸರಲ್ಲಿ 33.

ನಮ್ಮ ಬೀದಿಯಲ್ಲಿ ಹೂ ಮಾರುವ ಅಜ್ಜಿಯ ಬುಟ್ಟಿಗೂ ಕ್ಯೂಆರ್ ಚೀಟಿ ಬಂದಿದೆ. ಮೊನ್ನೆ ಎರಡು ಮೊಳ ಮಲ್ಲಿಗೆ ಕೊಂಡು, ಹಣ ಕಳಿಸಿ, "ಬಂತಾ ನೋಡಜ್ಜಿ" ಎಂದೆ. ಅಜ್ಜಿ ನಕ್ಕಳು: "ನಂಗೆಂಗೆ ಗೊತ್ತಾಯ್ತದೆ ತಾಯಿ? ಹೂವ ನಂದು, ಟಣ್ ಅನ್ನೋದು ಮಗನ ಜೇಬಲ್ಲಿ." ಸಂಜೆಗೆ ಬುಟ್ಟಿ ಬರಿದಾದರೂ ಎಲೆಯಡಿಕೆಗೆ ಅವಳು ಮಗನನ್ನೇ ಕೇಳಬೇಕು. ಮಗ ಕೆಟ್ಟವನಲ್ಲ, ಕೇಳಿದರೆ ಕೊಡುತ್ತಾನೆ. ಆದರೆ ಇಷ್ಟು ವರ್ಷ ಯಾರನ್ನೂ ಕೇಳದೆ ಬದುಕಿದವಳು ಈಗ ಕೇಳಬೇಕಾಗಿದೆ.

ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರೆ. ಹಳೆಯ ಪೂಜಾರಿಯನ್ನು ಯೋಜನೆ ಹೊರಗೆ ಕಳಿಸಿತು, ಸರಿ. ಹೊಸಬ ಮನೆಯೊಳಗೇ ಕೂತು ಓಟಿಪಿ ಓದುತ್ತಿದ್ದಾನೆ!

2017ರಲ್ಲಿ ಹಳ್ಳಿಗಳಿಗೆ ಡಿಜಿಟಲ್ ಸಾಕ್ಷರತೆ ಕಲಿಸಹೊರಟಾಗಲೂ ಗುರಿ ಇಟ್ಟದ್ದು ಆರು ಕೋಟಿ ಮನೆಗಳಿಗೆ, ಮನೆಗೊಬ್ಬರಂತೆ. ಕಲಿತವರಲ್ಲಿ ಹೆಂಗಸರೂ ಬಹಳ ಇದ್ದರು. ಆದರೆ ಕಲಿತು ಮನೆಗೆ ಬಂದವಳಿಗೆ ಕೈಗೆ ಸಿಗುವ ಫೋನು ಯಾರದು? ಸೂರು ಒಂದಾದ ಮಾತ್ರಕ್ಕೆ ಜೇಬೂ ಒಂದೇ ಆಗುವುದಿಲ್ಲ ಎಂಬುದು ನಮಗೆ ಗೊತ್ತಿಲ್ಲವೇ?

ಆಧಾರ್ ವಿಷಯವಾಗಿ ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿ, 2017ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಖಾಸಗಿತನ ಮೂಲಭೂತ ಹಕ್ಕು ಎಂದರು. ದೊಡ್ಡ ಮಾತು. ಆದರೆ ಹೆಣ್ಣಿಗೆ ಸರ್ಕಾರದಿಂದ ಮಾತ್ರವಲ್ಲ, ಮನೆಯವರಿಂದಲೂ ಕಾಯಬೇಕಾದ ಸಣ್ಣ ಗುಟ್ಟುಗಳಿರುತ್ತವೆ. ಸಾಸಿವೆ ಡಬ್ಬಿ ಕಾಯುತ್ತಿದ್ದುದು ಅದನ್ನೇ.

ಮುಂದಿನ ಯೋಜನೆ ಬರೆಯುವವರು ಎಷ್ಟು ಮನೆಗೆ ಮೊಬೈಲು ತಲುಪಿತು ಎಂದಷ್ಟೇ ಎಣಿಸದಿರಲಿ; ಅವಳ ಹೆಸರಿನ ನಂಬರು ಅವಳ ಕೈಯಲ್ಲಿದೆಯೇ ಎಂದೂ ಕೇಳಲಿ. ಅವರು ಕೇಳುವವರೆಗೆ ನಾವೇ ಕೇಳಿಕೊಳ್ಳೋಣ. ನಿಮ್ಮ ಖಾತೆಗೆ ಜೋಡಿಸಿರುವ ನಂಬರು ಯಾವುದೆಂದು ಒಮ್ಮೆ ಬ್ಯಾಂಕಿಗೆ ಹೋಗಿ ವಿಚಾರಿಸಿ. ಅದು ನಿಮ್ಮದಲ್ಲದಿದ್ದರೆ ಬದಲಾಯಿಸಲು ಅರ್ಜಿ ಕೊಡಿ. ಖಾತೆ ನಿಮ್ಮೊಬ್ಬರ ಹೆಸರಿನದಾದರೆ ಅದಕ್ಕೆ ಯಜಮಾನರ ಸಹಿ ಬೇಕಿಲ್ಲ.